ಕೊನೆಯ ಕಾಲಂ

ಈ ಉದ್ದ ಪುಸ್ತಕದ ಬರಹ ನನ್ನದು.
ಮೂಲೆಗಳಲ್ಲಿ ತಾಳೆಯೆಣ್ಣೆಯ ಕಲೆ,
ಯಾಕೆಂದರೆ ಅಡುಗೆಯೂ ನನ್ನದೇ.
ಹೆಸರು, ತೂಕ, ಜ್ವರ, ಊಟ, ನಿದ್ದೆ.
ಆಮೇಲೆ ನರ್ಸ್ ಯಾಯ್ರ ಸ್ಕೇಲಿಟ್ಟು ಗೆರೆ ಎಳೆದು
ಇನ್ನೊಂದು ಕಾಲಂ ಸೇರಿಸಿದಳು:
ಆಟ.

ನಕ್ಕಿದ್ದೆ ನಾನು. ಉಪ್ಪಾದರೆ ಎಷ್ಟೆಂದು ಬರೆಯಬಹುದು,
ಆಟವನ್ನು ಹೇಗೆ ಅಳೆಯಲಿ,
ಬೊಗಸೆಯಲ್ಲೋ, ಸೌಟಿನಲ್ಲೋ?

ಸೆನ್ಯೊ ಬಂದದ್ದು ಹರ್ಮಟಾನ್ ಗಾಳಿಯ ತಿಂಗಳಲ್ಲಿ,
ವೋಲ್ಟಾ ಸರೋವರದ ಆಚೆ ದಡದಿಂದ,
ತುಟಿಯೊಡೆದು, ಮೈತುಂಬ ಬೂದಿಬಣ್ಣದ ಧೂಳು.
ವಯಸ್ಸು ಕೇಳಿದರೆ ಭುಜ ಕುಣಿಸಿದ.
ಹಲ್ಲು ನೋಡಿ ನರ್ಸ್ ಒಂಬತ್ತು ಎಂದು ಬರೆಸಿದಳು.
ಅಂಗೈ ನೋಡಿದ್ದರೆ ನಾನು ನಲವತ್ತು ಬರೆಯುತ್ತಿದ್ದೆ.

ಮೊದಲ ದಿನ ಚೆಂಡು ಕೊಟ್ಟೆವು.
ಎರಡೂ ಕೈಯಲ್ಲಿ ಹಿಡಿದು ನಿಂತು
ಯಾರಿಗೆ ತಲುಪಿಸಬೇಕು ಎಂದು ಕೇಳಿದ.
ಒವಾರೆ ಆಡಲೆಂದು ಗುಳಿಮಣೆ ಕೊಟ್ಟೆವು.
ಕಾಳೆಣಿಸಿ, ಮಣೆ ಒರೆಸಿ,
ಲೆಕ್ಕ ಸರಿಯಿದೆ ಅಜ್ಜಿ ಎಂದು ಹಿಂದಿರುಗಿಸಿದ.
ಅಂಗಳದಲ್ಲಿ ಹುಡುಗಿಯರು ಚಪ್ಪಾಳೆ ತಟ್ಟಿ, ನೆಗೆದು,
ಕಾಲು ಮುಂದೆ ಚಾಚಿ ಆಂಪೆ ಆಡುವಾಗ
ಅವನು ಸೊಳ್ಳೆಪರದೆಯ ತೂತು ಹೊಲಿಯುತ್ತಿದ್ದ,
ಬಲೆಯ ಗಂಟು ಹಾಕಿ, ಅಚ್ಚುಕಟ್ಟಾಗಿ.
ಹೊಗಳಿಬಿಟ್ಟೆ. ಅದಕ್ಕೆ ಇಂದಿಗೂ ನನಗೆ ನಾಚಿಕೆ.

ಇಲ್ಲ, ಇಲ್ಲ, ಇಲ್ಲ.
ಹತ್ತೊಂಬತ್ತು ದಿನ ಕೊನೆಯ ಕಾಲಮ್ಮಿನಲ್ಲಿ ಅದೇ ಪದ.
ತೂಕ ಏರಿತು, ಜ್ವರ ಇಳಿಯಿತು,
ಬಾಂಕು ಮುದ್ದೆ ಎರಡೆರಡು ನುಂಗಿದ.
ಇಷ್ಟು ಸಾಲದೇನೇ, ಎಂದೆ ನರ್ಸಿಗೆ.
ಅವಳೆಂದಳು: ಸತ್ತ ಬೀಜವೂ ತೂಗುತ್ತದೆ, ಅಜ್ಜಿ.
ಇವನ ಹೆಸರಲ್ಲಿ ಮುಂಗಡ ತಿಂದವರು ಯಾರೋ.
ಇವನಿಗೇ ಬರಬೇಕಾದ ಬಾಕಿ ಇದೊಂದು. ಬರೆಯುತ್ತಿರು.

ಇಪ್ಪತ್ತನೆಯ ದಿನ
ನೆನೆಹಾಕಿದ ಅಲಸಂದೆ ಒಂದು ಹಿಡಿ ಕಡಿಮೆ.
ಕಳ್ಳನನ್ನು ಹುಡುಕಿ ಹಿತ್ತಲಿಗೆ ಹೋದೆ, ಸೌಟು ಕೈಯಲ್ಲೇ.
ಬಟ್ಟೆ ಒಗೆಯುವ ತೊಟ್ಟಿಯ ಬಳಿ ಕುಕ್ಕರುಗಾಲಲ್ಲಿ ಸೆನ್ಯೊ.
ನೀರಿನ ಮೇಲೆ ಸಾರ್ಡೀನ್ ಡಬ್ಬ, ಡಬ್ಬದೊಳಗೆ ಏಳು ಕಾಳು,
ಒಂದೊಂದಕ್ಕೂ ಒಂದೊಂದು ಕಪ್ಪು ಕಣ್ಣು.
ತಳದಲ್ಲಿ ಕೆಸರು ಮೆತ್ತಿ ಕಡ್ಡಿ ನಿಲ್ಲಿಸಿದ್ದ:
ಅಣೆಕಟ್ಟು ಕಟ್ಟಿದಂದು ಮುಳುಗಿದ ಕಾಡು,
ಈಗಲೂ ನೀರಡಿಯಲ್ಲಿ ನಿಂತು
ಬಲೆ ಹಿಡಿದೆಳೆಯುವ ಮರಗಳು.

ದೊಡ್ಡವರ ದನಿ ತೆಗೆದು ಗದರಿದ:
"ಹುಡುಗಾಟವೇನೋ? ಇಳಿ. ಬಲೆ ಬಿಡಿಸು."
ಒಂದು ಕಾಳು ನೀರಿಗೆ.
ಅವನು ಉಸಿರು ಹಿಡಿದ. ನಾನೂ.
ಎಷ್ಟು ಹೊತ್ತೋ.
ಆಮೇಲೆ ಕೈ ಇಳಿಸಿ, ಮರಗಳ ನಡುವೆ ತಡಕಿ,
ಎತ್ತಿ, ಅಂಗಿಯ ಚುಂಗಿನಲ್ಲಿ ಒರೆಸಿ,
"ಬಂದೆಯಾ ಎಡೆಮ್" ಎಂದ, ದೋಣಿಯಲ್ಲಿ ಕೂರಿಸಿದ.
ಮತ್ತೆ ಗದರಿಕೆ. ಮತ್ತೆ ಮುಳುಗು. ಮತ್ತೆ ಕೈ.
ಏಳರ ತನಕ ಎಣಿಸಿದೆ,
ಮುಂದೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು.
ಎಡೆಮ್ ಯಾರೆಂದು ನಾನು ಕೇಳಲಿಲ್ಲ.
ಸರೋವರ ಒಮ್ಮೆಯೂ ಹಿಂದೆ ಕೊಡದ ಹುಡುಗನನ್ನು
ಸಾಬೂನು ನೊರೆಯ ತೊಟ್ಟಿ ಪ್ರತಿಸಲವೂ ಕೊಟ್ಟಿತು.

ಕೊನೆಗೆ ದೋಣಿಯ ಯಜಮಾನನೇ, ಆ ದಪ್ಪ ಕಾಳು,
ಬುಳಕ್ಕೆಂದು ನೀರಿಗೆ.
ಅವನನ್ನು ಯಾರೂ ಎತ್ತಲಿಲ್ಲ.
ಸೆನ್ಯೊ ನಕ್ಕ,
ತುಕ್ಕು ಹಿಡಿದ ಚಿಲಕ ತೆರೆದ ಹಾಗೆ.

ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟು ವಾಪಸಾದೆ.
ಸಾರಿಗೆ ನೀರು ಬೆರೆಸಿದೆ; ಯಾರೋ ಗೊಣಗಿದರು, ಗೊಣಗಲಿ.
ರಾತ್ರಿ ಪುಸ್ತಕ ಬಿಚ್ಚಿದೆ.
ಹೆಬ್ಬೆಟ್ಟಿನಗಲದ ಜಾಗ, ಅದರಲ್ಲಿ ಏನೆಂದು ಬರೆಯಲಿ?
ಗಂಜಿ ಹಚ್ಚಿ ಒಂದು ಒಣ ಅಲಸಂದೆ ಅಂಟಿಸಿದೆ.
ನರ್ಸ್ ಅದನ್ನು ಕೀಳಲಿಲ್ಲ. ಈಗಲೂ
ಆ ಪುಟ ಮುಚ್ಚಿದರೆ ಅಲ್ಲೊಂದು ಉಬ್ಬು.

ಮಳೆ ಶುರುವಾದ ವಾರ
ಚೆಂಡೊಂದು ಅಡುಗೆಮನೆಯ ಕಿಟಕಿ ಸೀಳಿ
ನೇರ ನನ್ನ ಹಿಟ್ಟಿನ ಬಟ್ಟಲಿಗೆ.
ಹೊರಗೆ ಓಡುವ ಕಾಲುಗಳು. ಒಂದು ಜೊತೆ ಓಡಲಿಲ್ಲ.
"ಯಾರಿಗೆ ತಲುಪಿಸಬೇಕು ಅಂತ ಕೇಳಿದ್ದೆಯಲ್ಲ,
ನನಗೇನೋ?" ಎಂದು ಕಿವಿ ಹಿಂಡಿದೆ, ಮೆಲ್ಲಗೆ.

ಗಾಜು ಇನ್ನೂ ಹಾಕಿಸಿಲ್ಲ.
ಒಲೆಯ ಹೊಗೆ ಅಲ್ಲಿಂದಲೇ ಹೋಗುತ್ತದೆ,
ಅಂಗಳದ ಗಲಾಟೆ ಅಲ್ಲಿಂದಲೇ ಬರುತ್ತದೆ.